ಮತ್ತೆ ಶಿಷ್ಯನಾದ ಚಾರ್ಲಿ ಮರಿಯಾನೊ

ದಹಿಸರ್ ಪೂರ್ವದಲ್ಲಿ ನಮ್ಮದು ಒಂದೇ ಕೋಣೆಯ ಮನೆ. ಅದರ ಅಟ್ಟದ ಮೇಲೆ, ಊರಿನಿಂದ ತಂದ ತಾಮ್ರದ ಹಂಡೆಯ ಹಿಂದೆ, ಹಳೆಯ ಪಂಚೆಯಲ್ಲಿ ಸುತ್ತಿಟ್ಟ ಉದ್ದನೆಯದೊಂದು ಗಂಟು ಇತ್ತು. ಅದು ನಮ್ಮ ಅಜ್ಜನ ನಾಗಸ್ವರ. ಅಜ್ಜ ಉಡುಪಿ ಕಡೆಯ ಒಂದು ದೇವಸ್ಥಾನದಲ್ಲಿ ಓಲಗ ಊದುತ್ತಿದ್ದವರು. ಅಪ್ಪ ಹದಿನಾರನೇ ವಯಸ್ಸಿಗೆ ಮುಂಬಯಿಗೆ ಬಂದು ಕ್ಯಾಂಟೀನಿನ ಕೆಲಸಕ್ಕೆ ಸೇರಿದರು. ವಾದ್ಯವನ್ನು ಜೊತೆಗೆ ತಂದರು, ಆದರೆ ಊದಲಿಲ್ಲ. ವರ್ಷಕ್ಕೊಮ್ಮೆ ನವರಾತ್ರಿಯಲ್ಲಿ ಕೆಳಗಿಳಿಸಿ, ಒರೆಸಿ, ಕುಂಕುಮ ಇಟ್ಟು, ಮತ್ತೆ ಅಟ್ಟಕ್ಕೇರಿಸುತ್ತಿದ್ದರು, ಅಷ್ಟೆ.

ಕಾಲೇಜಿನಲ್ಲಿ ಯಾರಾದರೂ ಅಜ್ಜ ಏನು ಮಾಡಿಕೊಂಡಿದ್ದರು ಅಂತ ಕೇಳಿದರೆ ನಾನು ಬೇಸಾಯ ಅಂತ ಹೇಳಿಬಿಡುತ್ತಿದ್ದೆ. ಮನೆಯಲ್ಲಿ ತುಳು, ಶಾಲೆಯಲ್ಲಿ ಕನ್ನಡ, ಗಲ್ಲಿಯಲ್ಲಿ ಮರಾಠಿ, ಕಾಲೇಜಿನಲ್ಲಿ ಇಂಗ್ಲಿಷು. ಇಷ್ಟರ ನಡುವೆ ಓಲಗದವರ ಮನೆಯ ಹುಡುಗ ಅಂತ ಬೇರೆ ಯಾಕೆ ಹೇಳಿಕೊಳ್ಳಬೇಕು ಅನ್ನುವ ಬುದ್ಧಿ. ಈ ಸುಳ್ಳನ್ನು ನನ್ನ ಬಾಯಿಂದ ಬಿಡಿಸಿದವರು ನಮ್ಮ ಊರಿನವರಲ್ಲ, ನಮ್ಮ ದೇಶದವರೂ ಅಲ್ಲ. ಅವರು ಅಮೆರಿಕದ ಬೋಸ್ಟನ್ ನಗರದ ಸ್ಯಾಕ್ಸೊಫೋನ್ ವಾದಕ ಚಾರ್ಲಿ ಮರಿಯಾನೊ. ಅವರು ತೀರಿಕೊಂಡದ್ದು 2009ರಲ್ಲಿ. ಜಾಜ್ ಕೇಳುವವರಿಗೆ ಬಹಳ ಪರಿಚಿತ ಹೆಸರು. ಕನ್ನಡ ಓದುವ ನಮ್ಮ ಹುಡುಗ ಹುಡುಗಿಯರಿಗೆ ಅಷ್ಟು ಪರಿಚಿತವಲ್ಲ. ಆದರೆ ಆ ಬಾಳಿನ ಒಂದು ಮುಖ್ಯ ಅಧ್ಯಾಯ ನಡೆದದ್ದು ನಮ್ಮ ಬೆಂಗಳೂರಿನವರ ಜೊತೆ. ಆದ್ದರಿಂದ ಆ ಕತೆಯನ್ನು ಕನ್ನಡದಲ್ಲಿ ಒಮ್ಮೆ ಹೇಳಬೇಕು ಅಂತ ಬಹಳ ದಿನದಿಂದ ಆಸೆ ಇತ್ತು.

ಹುಟ್ಟಿದಾಗ ಇಟ್ಟ ಹೆಸರು ಚಾರ್ಲಿ ಅಲ್ಲ, ಕಾರ್ಮಿನೆ ಊಗೊ ಮರಿಯಾನೊ. 1923ರ ನವೆಂಬರ್ 12ರಂದು ಬೋಸ್ಟನ್ನಿನಲ್ಲಿ ಜನನ. ತಂದೆತಾಯಿಗಳು ಇಟಲಿಯಿಂದ ಹೊಟ್ಟೆಪಾಡಿಗಾಗಿ ಹಡಗು ಹತ್ತಿ ಬಂದವರು. 1880ರಿಂದ 1920ರ ದಶಕದವರೆಗೆ ಸುಮಾರು 40 ಲಕ್ಷ ಇಟಾಲಿಯನ್ನರು ಹೀಗೆ ಅಮೆರಿಕಕ್ಕೆ ಹೋದರು. ದಕ್ಷಿಣ ಕನ್ನಡದಿಂದ ಬಾಂಬೆಗೆ ಬಂದ ನಮ್ಮವರ ಕತೆಯೂ ಬೇರೆಯಲ್ಲ: ಊರಲ್ಲಿ ಗದ್ದೆ ಸಾಲದು, ಪಟ್ಟಣದಲ್ಲಿ ಮೊದಲು ಬಂದ ನೆಂಟನ ಕೋಣೆಯಲ್ಲಿ ಚಾಪೆ ಹಾಸುವಷ್ಟು ಜಾಗ, ಸಿಕ್ಕಿದ ಕೆಲಸ. ಹೆಸರು ಬದಲಾಗುವುದೂ ಹಾಗೆಯೇ. ಊರಿನ ತಿಮ್ಮಪ್ಪ ಇಲ್ಲಿ ಟಿ.ಕೆ. ಆಗುತ್ತಾನೆ, ಅಲ್ಲಿನ ಕಾರ್ಮಿನೆ ಚಾರ್ಲಿ ಆದ. ಹಾಗಂತ ಇಟಲಿ ಆ ಮನೆ ಬಿಟ್ಟು ಹೋಗಲಿಲ್ಲ. ಅಡ್ಡಹೆಸರಿನಲ್ಲಿ ಕೊನೆಯವರೆಗೂ ಉಳಿಯಿತು.

ಮರಿಯಾನೊ ಬೆಳೆದದ್ದು ಬೋಸ್ಟನ್ನಿನ ಹೈಡ್ ಪಾರ್ಕ್ ಎಂಬ ಬಡಾವಣೆಯಲ್ಲಿ. ಹೈಸ್ಕೂಲು ಮುಗಿಯುವ ಹೊತ್ತಿಗೆ ಎರಡನೆಯ ಮಹಾಯುದ್ಧ. ಅವರೂ ಸೈನ್ಯ ಸೇರಿದರು. ಯುದ್ಧ ಮುಗಿಸಿಕೊಂಡು ಬಂದು, 1945ರಲ್ಲಿ ಬೋಸ್ಟನ್ನಿನಲ್ಲೇ ಶುರುವಾಗಿದ್ದ ಶಿಲಿಂಗರ್ ಹೌಸ್ ಎಂಬ ಸಂಗೀತ ಶಾಲೆಗೆ ಸೇರಿದರು. ಇದೇ ಶಾಲೆ ಮುಂದೆ ಬರ್ಕ್ಲಿ ಎಂಬ ಹೆಸರಿನಿಂದ ಜಗತ್ಪ್ರಸಿದ್ಧವಾಯಿತು.

ಆ ಕಾಲದಲ್ಲಿ ಆಲ್ಟೊ ಸ್ಯಾಕ್ಸೊಫೋನ್ ಹಿಡಿದ ಯಾವ ತರುಣನಿಗೂ ಒಂದೇ ದೊಡ್ಡ ಕಷ್ಟ, ಅದರ ಹೆಸರು ಚಾರ್ಲಿ ಪಾರ್ಕರ್. ಪಾರ್ಕರ್ ಜಾಜ್ ನುಡಿಸುವ ರೀತಿಯನ್ನೇ ತಿರುವಿ ಹಾಕಿದ ಪ್ರತಿಭಾವಂತ. ಎಲ್ಲರೂ ಅವನ ಹಾಗೆ ನುಡಿಸಲು ಹೊರಟವರೇ. ನಮ್ಮಲ್ಲಿ ಒಂದು ಕಾಲಕ್ಕೆ ಕವಿತೆ ಬರೆಯುವವರೆಲ್ಲ ಬೇಂದ್ರೆಯವರ ಹಾಗೆ, ಆಮೇಲೆ ಅಡಿಗರ ಹಾಗೆ ಬರೆಯಲು ಹೋಗಿ ಸಿಕ್ಕಿಬಿದ್ದಿದ್ದರಲ್ಲ, ಹಾಗೆ. ಮರಿಯಾನೊ ಕೂಡ ಆ ನೆರಳಿನಲ್ಲೇ ಬೆಳೆದರು. 1953ರಿಂದ ಸ್ಟಾನ್ ಕೆಂಟನ್ನನ ದೊಡ್ಡ ವಾದ್ಯವೃಂದದಲ್ಲಿ ಮುಖ್ಯ ಆಲ್ಟೊ ವಾದಕರಲ್ಲಿ ಒಬ್ಬರಾದರು. ಊರೂರು ತಿರುಗಾಟ, ರಾತ್ರಿಗೊಂದು ಕಚೇರಿ. ಬಿಸಿಬಿಸಿಯಾದ, ಅಳುವಿನ ಅಂಚಿಗೆ ಹೋಗಿ ತಿರುಗುವ ಅವರ ನಾದವನ್ನು ಜನ ಗುರುತಿಸತೊಡಗಿದ್ದು ಆಗಲೇ. 1955ರಲ್ಲಿ ಪಾರ್ಕರ್ ತೀರಿಕೊಂಡ. ಮರಿಯಾನೊಗೆ ಆಗ ಮೂವತ್ತೆರಡು ತುಂಬಿರಲಿಲ್ಲ. ಕೈಯಲ್ಲಿ ವಿದ್ಯೆ ಇತ್ತು, ಸಂಪಾದನೆ ಇತ್ತು. ಇನ್ನೊಬ್ಬನ ನೆರಳಿನಿಂದ ಹೊರಗೆ ಬರುವ ದಾರಿಯೊಂದು ಬೇಕಾಗಿತ್ತು.

ಆ ದಾರಿ ಪೂರ್ವಕ್ಕೆ ತಿರುಗಿದ್ದು ಮದುವೆಯ ಮೂಲಕ. ತೊಷಿಕೊ ಅಕಿಯೋಷಿ ಎಂಬ ಜಪಾನಿ ಪಿಯಾನೊ ವಾದಕಿ 1956ರಲ್ಲಿ ಕಲಿಯಲೆಂದು ಬೋಸ್ಟನ್ನಿಗೆ ಬಂದಿದ್ದರು. 1959ರಲ್ಲಿ ಇಬ್ಬರಿಗೂ ಮದುವೆಯಾಯಿತು. ಇಬ್ಬರ ಹೆಸರಿನಲ್ಲೂ ಒಂದು ನಾಲ್ವರ ತಂಡ ನಡೆಯಿತು. ಕೆಲಕಾಲ ಜಪಾನಿನಲ್ಲೂ ಇದ್ದರು. ಅವರ ಮಗಳು ಹುಟ್ಟಿದ್ದು ಟೋಕಿಯೊದಲ್ಲಿ, 1963ರಲ್ಲಿ. ಆಕೆಯೂ ಮುಂದೆ ಮಂಡೇ ಮಿಚಿರು ಎಂಬ ಹೆಸರಿನ ಗಾಯಕಿಯಾದಳು. ಅದೇ ವರ್ಷ ಅಮೆರಿಕದ ಮಹಾ ಸಂಯೋಜಕ ಚಾರ್ಲ್ಸ್ ಮಿಂಗಸ್ ತನ್ನ ‘ದಿ ಬ್ಲ್ಯಾಕ್ ಸೇಂಟ್ ಅಂಡ್ ದಿ ಸಿನ್ನರ್ ಲೇಡಿ’ ಎಂಬ ಧ್ವನಿಮುದ್ರಿಕೆ ಮಾಡಿದ. ಅದರಲ್ಲಿ ಆಲ್ಟೊ ಸ್ಯಾಕ್ಸೊಫೋನ್ ಅಳುವುದು, ಜಗಳವಾಡುವುದು, ಬೇಡುವುದು ಎಲ್ಲವೂ ಮರಿಯಾನೊ ಅವರದೇ. ಇಂದಿಗೂ ಜಾಜ್ ಪ್ರಿಯರು ಅವರನ್ನು ನೆನೆಯುವುದು ಹೆಚ್ಚಾಗಿ ಆ ಒಂದು ರೆಕಾರ್ಡಿಗಾಗಿ. 1967ರಲ್ಲಿ ಆ ದಾಂಪತ್ಯ ಮುರಿಯಿತು. ಏಷ್ಯಾದ ಕಡೆಗಿನ ಕಿವಿ ಮಾತ್ರ ತೆರೆದೇ ಉಳಿಯಿತು.

ಈಗ ನಾನು ಹೇಳಬೇಕೆಂದಿರುವ ಮುಖ್ಯ ಸಂಗತಿಗೆ ಬಂದೆ. 1965ರಿಂದ 1971ರವರೆಗೆ ಮರಿಯಾನೊ ಬರ್ಕ್ಲಿಯಲ್ಲಿ ಅಧ್ಯಾಪಕರಾಗಿದ್ದರು. ತಾವು ಓದಿದ ಶಾಲೆಯಲ್ಲೇ ಮೇಷ್ಟ್ರು. ವಯಸ್ಸು ನಲವತ್ತು ದಾಟಿತ್ತು. ನಮ್ಮಲ್ಲಾದರೆ ಈ ಹೊತ್ತಿಗೆ ಮನುಷ್ಯ ಶಾಲು ಹೊದ್ದು ಉದ್ಘಾಟನೆಗಳಿಗೆ ಹೋಗಲು ಶುರುಮಾಡುತ್ತಾನೆ. ಅವರು 1960ರ ದಶಕದ ನಡುವೆ, ಅಲ್ಲಿನ ರೇಡಿಯೊ ವಾದ್ಯವೃಂದದ ಜೊತೆ ಕೆಲಸ ಮಾಡಲು ಕೆಲವು ತಿಂಗಳ ಮಟ್ಟಿಗೆ ಮಲೇಶಿಯಾಕ್ಕೆ ಹೋದರು. ಕಲಿಸಲು ಹೋದವರು ಅಲ್ಲಿ ಒಂದು ವಾದ್ಯ ಕೇಳಿ ಬೆರಗಾದರು. ಮಲೇಶಿಯಾದಲ್ಲಿ ತಮಿಳು ಜನ ಬಹಳ. ಅವರ ದೇವಸ್ಥಾನಗಳಲ್ಲಿ ನಾಗಸ್ವರ ಊದುತ್ತಾರೆ. ಆ ನಾದ ಮರಿಯಾನೊ ಅವರ ಎದೆಗೆ ನೇರವಾಗಿ ಹೋಯಿತು. ಅಲ್ಲಿಯೇ ಕಲಿಯಲು ಕುಳಿತರು. ಅಷ್ಟು ಸಾಲದೆ 1970ರ ದಶಕದ ಆರಂಭದಲ್ಲಿ ದಕ್ಷಿಣ ಭಾರತಕ್ಕೇ ಬಂದು, ಹಳ್ಳಿಯಲ್ಲಿ ತಿಂಗಳುಗಟ್ಟಲೆ ನಿಂತು, ಗುರುವಿನ ಮುಂದೆ ಪಾಠ ಹೇಳಿಸಿಕೊಂಡರು.

ಇದು ಎಷ್ಟು ಕಷ್ಟದ ಕೆಲಸ ಎನ್ನುವುದು ತಿಳಿಯಬೇಕಾದರೆ ಎರಡು ವಾದ್ಯಗಳನ್ನೂ ಸ್ವಲ್ಪ ನೋಡಬೇಕು. ಸ್ಯಾಕ್ಸೊಫೋನು ಲೋಹದ್ದು. ಬೆಲ್ಜಿಯಮ್ಮಿನ ಅಡಾಲ್ಫ್ ಸಾಕ್ಸ್ ಎಂಬಾತ ಮಾಡಿ 1846ರಲ್ಲಿ ಹಕ್ಕುಪತ್ರ ಪಡೆದದ್ದು. ಬಾಯಿಗೆ ಒಂದೇ ಪದರದ ಜೊಂಡಿನ ಚೂರು. ಮೈತುಂಬ ಇಪ್ಪತ್ತಕ್ಕೂ ಹೆಚ್ಚು ಕೀಲಿಗಳು. ಒಂದು ಕೀಲಿ ಒತ್ತಿದರೆ ಒಂದು ಸ್ವರ ಖಚಿತವಾಗಿ ಬರುತ್ತದೆ. ನಾಗಸ್ವರದಲ್ಲಿ ಆ ಅನುಕೂಲ ಏನೂ ಇಲ್ಲ. ಸುಮಾರು ಎರಡೂವರೆ ಅಡಿ ಉದ್ದದ ಗಟ್ಟಿ ಮರದ ಕೊಳವೆ, ಕೆಳಗೆ ಅಗಲವಾದ ಬಾಯಿ, ಮೇಲೆ ಎರಡು ಪದರ ಸೇರಿಸಿದ ಪೀಪಿ. ಬೆರಳಿಗೆ ಏಳು ತೂತು. ಕೆಳಗಡೆ ಇನ್ನೂ ಐದು ತೂತುಗಳಿವೆ. ಅವುಗಳನ್ನು ಬೆರಳಿನಿಂದ ಮುಚ್ಚುವುದಿಲ್ಲ, ಶ್ರುತಿ ಸರಿಮಾಡಲು ಬೇಕಾದಷ್ಟು ಮೇಣ ತುಂಬುತ್ತಾರೆ. ಏಳು ತೂತಿನಿಂದ ಹೊರಡಬೇಕಾದ ಸ್ವರಗಳೋ ಹನ್ನೆರಡು, ಅವುಗಳ ನಡುವಿನ ಗಮಕಗಳೋ ಲೆಕ್ಕವಿಲ್ಲ. ಅದೆಲ್ಲ ತುಟಿಯ ಬಿಗಿ, ಉಸಿರಿನ ಒತ್ತಡ, ತೂತನ್ನು ಅರ್ಧ ಕಾಲು ಮುಚ್ಚುವ ಬೆರಳು, ಇವುಗಳಿಂದಲೇ ಆಗಬೇಕು. ಅಂದರೆ ಸ್ವರ ಇರುವುದು ವಾದ್ಯದಲ್ಲಲ್ಲ, ಊದುವವನ ಮೈಯಲ್ಲಿ. ಇಪ್ಪತ್ತು ವರ್ಷ ಕೀಲಿ ಒತ್ತಿ ಪಳಗಿದ ಕೈಗೆ ಇದು ಅ ಆ ಇ ಈ ಇಂದ ಶುರುಮಾಡಿದ ಹಾಗೆ. ಕಾಲೇಜಿನಲ್ಲಿ ತಾನು ಪಾಠ ಹೇಳುವ ಮನುಷ್ಯ ಇಲ್ಲಿ ಸರಳೆ ವರಸೆ ತಪ್ಪುತ್ತ ಕೂತಿದ್ದಾನೆ ಎನ್ನುವ ಚಿತ್ರವನ್ನು ನೀವೇ ಕಲ್ಪಿಸಿಕೊಳ್ಳಿ.

ಇದೇ ಹೊತ್ತಿಗೆ ಪಶ್ಚಿಮದಲ್ಲಿ ಜಾಜ್ ಕೂಡ ಮಗ್ಗುಲು ಬದಲಿಸುತ್ತಿತ್ತು. ಮೈಲ್ಸ್ ಡೇವಿಸ್ 1969ರಲ್ಲಿ ಮುದ್ರಿಸಿ 1970ರಲ್ಲಿ ಹೊರತಂದ ‘ಬಿಚಸ್ ಬ್ರೂ’ ಬಂದ ಮೇಲೆ ಜಾಜಿನ ಮನೋಧರ್ಮಕ್ಕೆ ರಾಕ್ ಸಂಗೀತದ ವಿದ್ಯುತ್ ಗಿಟಾರು, ಗಟ್ಟಿ ಲಯ ಸೇರಿಕೊಂಡವು. ಅದನ್ನೇ ಜಾಜ್-ರಾಕ್ ಎಂದು ಕರೆದರು. ಮರಿಯಾನೊ ಹಿಂಜರಿಯಲಿಲ್ಲ. ತಮ್ಮ ಶಿಷ್ಯರ ವಯಸ್ಸಿನ ಹುಡುಗರ ಜೊತೆ ಬೋಸ್ಟನ್ನಿನಲ್ಲಿ ಆಸ್ಮೋಸಿಸ್ ಎಂಬ ತಂಡದಲ್ಲಿ ನುಡಿಸಿದರು. ಅದರ ರೆಕಾರ್ಡು 1970ರಲ್ಲಿ ಬಂತು. 1971ರಲ್ಲಿ ಕಾಲೇಜು ಬಿಟ್ಟು ಯುರೋಪಿಗೆ ಹೊರಟುಹೋದರು. ಕೊನೆಗೆ ಜರ್ಮನಿಯ ಕಲೋನ್ ನಗರದಲ್ಲಿ ನೆಲೆಸಿದರು. ಮ್ಯೂನಿಕ್ಕಿನ ಎಂಬ್ರಿಯೊ ತಂಡದ 1973ರ ‘ವಿ ಕೀಪ್ ಆನ್’, ಯಾಸ್ಪರ್ ವಾನ್ಟ್ ಹೋಫ್ ಮತ್ತು ಫಿಲಿಪ್ ಕ್ಯಾಥರಿನ್ ಜೊತೆಗಿನ ಪೋರ್ಕ್ ಪೈ ತಂಡದ 1974ರ ‘ಟ್ರಾನ್ಸಿಟರಿ’, ಎಬರ್ಹಾರ್ಡ್ ವೇಬರನ 1975ರ ‘ಯೆಲ್ಲೊ ಫೀಲ್ಡ್ಸ್’ ಹೀಗೆ ಒಂದರ ಮೇಲೊಂದು. ಈ ಕೊನೆಯದರಲ್ಲಿ ಸ್ಯಾಕ್ಸೊಫೋನಿನ ಜೊತೆ ಶಹನಾಯಿ ಮತ್ತು ನಾಗಸ್ವರವನ್ನೂ ಊದಿದ್ದಾರೆ. ಮರಿಯಾನೊ ಹೆತ್ತವರು ಬಿಟ್ಟು ಬಂದಿದ್ದ ಇಟಲಿಯಲ್ಲೂ ಆಗ ಇದೇ ಗಾಳಿ: ಅಲ್ಲಿ ಏರಿಯಾ, ಪೆರಿಜಿಯೊ ಎಂಬ ತಂಡಗಳು ಜಾಜ್-ರಾಕ್ ನುಡಿಸುತ್ತಿದ್ದವು. ಏರಿಯಾದವರು 1975ರಲ್ಲೇ ಕಚೇರಿಯಲ್ಲಿ ನೇರವಾಗಿ ಮುದ್ರಿಸಿದ ರೆಕಾರ್ಡೊಂದನ್ನು ಹೊರತಂದಿದ್ದರು.

ನೇರ ಮುದ್ರಣ ಎಂದೆ. ಈ ಬಗೆಯ ಸಂಗೀತಕ್ಕೆ ಅದೇ ಸರಿಯಾದ ಕನ್ನಡಿ ಎಂದು ನನಗೆ ಅನ್ನಿಸುತ್ತದೆ. ಸ್ಟುಡಿಯೋದಲ್ಲಿ ತಪ್ಪಿದರೆ ಇನ್ನೊಮ್ಮೆ ನುಡಿಸಬಹುದು. ಸಭೆಯಲ್ಲಿ ಹೋದ ಸ್ವರ ಹೋಯಿತು. ಜಾಜ್ ಆಗಲಿ, ನಮ್ಮ ಕರ್ನಾಟಕ ಸಂಗೀತವಾಗಲಿ, ಆ ಕ್ಷಣದಲ್ಲಿ ಹುಟ್ಟುವ ಸಂಗೀತ. ಜಾನ್ ಮ್ಯಾಕ್ಲಾಫ್ಲಿನ್, ನಮ್ಮ ಮುಂಬಯಿಯ ಝಾಕಿರ್ ಹುಸೇನ್, ಎಲ್. ಶಂಕರ್, ಘಟದ ವಿನಾಯಕರಾಂ ಕೂಡಿ ಕಟ್ಟಿದ ಶಕ್ತಿ ತಂಡದ ಮೊದಲ ರೆಕಾರ್ಡು ಕೂಡ 1975ರಲ್ಲಿ ಸಭಿಕರ ಎದುರು ಮುದ್ರಿಸಿದ್ದೇ. ಮರಿಯಾನೊ ಸೇರಿದ್ದ ಯುನೈಟೆಡ್ ಜಾಜ್ ಅಂಡ್ ರಾಕ್ ಎನ್ಸೆಂಬಲ್ ಜರ್ಮನ್ ದೂರದರ್ಶನದ ಒಂದು ಕಾರ್ಯಕ್ರಮಕ್ಕಾಗಿ 1975ರಲ್ಲಿ ಕೂಡಿಕೊಂಡ ತಂಡ. ಒಬ್ಬೊಬ್ಬರೂ ಬೇರೆ ಬೇರೆ ತಂಡಗಳ ನಾಯಕರೇ. 1977ರಲ್ಲಿ ಬಂದ ಅವರ ಮೊದಲ ರೆಕಾರ್ಡೂ ನೇರ ಕಚೇರಿಯದೇ, ‘ಲೈವ್ ಇಮ್ ಷುಟ್ಸೆನ್‌ಹೌಸ್’. ಅಷ್ಟು ಮಂದಿ ನಾಯಕರ ನಡುವೆ ಐವತ್ತು ದಾಟಿದ ಮರಿಯಾನೊ ತಮ್ಮ ಸರದಿ ಬಂದಾಗ ಎದ್ದು ನುಡಿಸಿ, ಮುಗಿದಾಗ ಕುಳಿತುಕೊಂಡು, ಮುಂದಿನವನಿಗೆ ಜಾಗ ಬಿಡುತ್ತಿದ್ದವರು.

ಈಗ ಬೆಂಗಳೂರಿಗೆ ಬರೋಣ. 1964ರಲ್ಲಿ ಅಲ್ಲಿ ಕರ್ನಾಟಕ ಕಾಲೇಜ್ ಆಫ್ ಪರ್ಕಶನ್ ಎಂಬ ಸಂಸ್ಥೆ ಆರಂಭವಾಗಿತ್ತು. ಮೃದಂಗ, ಘಟ, ಖಂಜರಿ, ಮೋರ್ಸಿಂಗ್, ಕೊನ್ನಕ್ಕೋಲು ಇಂಥ ತಾಳವಾದ್ಯಗಳನ್ನು ಕಲಿಸುವ ಶಾಲೆ. ಕಚೇರಿಯಲ್ಲಿ ಇವು ಪಕ್ಕವಾದ್ಯ. ಗಾಯಕ ತನಿ ಆವರ್ತನ ಬಿಟ್ಟುಕೊಟ್ಟಾಗ ಸಭಿಕರು ಕಾಫಿಗೆ ಎದ್ದು ಹೋಗುತ್ತಾರೆ ಎನ್ನುವುದು ನಮ್ಮ ಹಳೆಯ ರೋಗ. ಆ ತಾಳವಾದ್ಯಗಳನ್ನೇ ಮುಂದೆ ಕೂರಿಸಿದ ಸಂಸ್ಥೆ ಇದು. ಇದನ್ನು ನಡೆಸಿದವರು ಮೃದಂಗ ವಿದ್ವಾಂಸ ಟಿ.ಎ.ಎಸ್. ಮಣಿ. ಅವರ ಪತ್ನಿ ಗಾಯಕಿ ಆರ್.ಎ. ರಮಾಮಣಿ. ಎಂಬ್ರಿಯೊ ತಂಡದವರು 1978ರಲ್ಲಿ ಜರ್ಮನಿಯಿಂದ ಬಸ್ಸಿನಲ್ಲೇ ಹೊರಟು ಭಾರತಕ್ಕೆ ಬಂದಿದ್ದರು. ಆ ತಂಡದಿಂದ ಒಡೆದು ಹುಟ್ಟಿದ ಡಿಸಿಡೆಂಟನ್ ಎಂಬ ಗುಂಪು 1982ರಲ್ಲಿ ಬೆಂಗಳೂರಿನ ಈ ಕಲಾವಿದರ ಜೊತೆ ‘ಜರ್ಮನಿಸ್ತಾನ್’ ಎಂಬ ರೆಕಾರ್ಡು ಹೊರತಂದಿತು. ಹೀಗೆ ದಾರಿಗಳೆಲ್ಲ ಒಂದೇ ಕಡೆ ಕೂಡುತ್ತಿದ್ದವು.

1983ರ ಫೆಬ್ರವರಿಯಲ್ಲಿ ಮರಿಯಾನೊ ಮತ್ತು ಬೆಂಗಳೂರಿನ ನಾಲ್ವರು ಸೇರಿ ಮುದ್ರಿಸಿದ್ದು ‘ಜ್ಯೋತಿ’. ಹೊರತಂದದ್ದು ಮ್ಯೂನಿಕ್ಕಿನ ಇ.ಸಿ.ಎಂ. ಕಂಪನಿ. ರಮಾಮಣಿಯವರ ಕಂಠ ಮತ್ತು ತಂಬೂರಿ, ಮಣಿಯವರ ಮೃದಂಗ, ಆರ್.ಎ. ರಾಜಗೋಪಾಲರ ಘಟ ಮತ್ತು ಮೋರ್ಸಿಂಗ್, ಟಿ.ಎನ್. ಶಶಿಕುಮಾರರ ಖಂಜರಿ. ಮರಿಯಾನೊ ಸೋಪ್ರಾನೊ ಸ್ಯಾಕ್ಸೊಫೋನ್ ಮತ್ತು ಕೊಳಲು. ಆರು ರಚನೆಗಳು, ವಂದನಂ, ವರ್ಷಿಣಿ, ಸಪ್ತರ್ಷಿ ಹೀಗೆ ಹೆಸರುಗಳು. ಮೊದಲನೆಯದು ಬರಿಯ ಕಂಠಕ್ಕೆ ಮೀಸಲು. ಗಿಟಾರಿಲ್ಲ, ಪಿಯಾನೊ ಇಲ್ಲ, ಪಾಶ್ಚಾತ್ಯ ಡ್ರಮ್ಮೂ ಇಲ್ಲ. ಅವರು ಇವರನ್ನು ತಮ್ಮ ಮನೆಗೆ ಕರೆಯಲಿಲ್ಲ, ತಾವೇ ಇವರ ಮನೆಗೆ ಬಂದರು.

ಮನೆಗೆ ಬರುವುದೆಂದರೇನು? ಜಾಜಿನವನಿಗೆ ರೂಢಿಯಾದ ಲೆಕ್ಕ ಸಾಮಾನ್ಯವಾಗಿ ನಾಲ್ಕರದು. ನಾಲ್ಕು ಏಟಿನ ಮೂವತ್ತೆರಡು ಅಳತೆ ಸೇರಿ ಒಂದು ಸುತ್ತು. ಆ ಸುತ್ತಿಗೆ ಕಟ್ಟಿದ ಸ್ವರಮೇಳಗಳ ಮೇಲೆ ಮನೋಧರ್ಮ. ನಮ್ಮಲ್ಲಿ ಸ್ವರಮೇಳ ಇಲ್ಲ. ರಾಗದ ಏರಿಳಿತ ಇದೆ, ತಾಳದ ಆವರ್ತ ಇದೆ. ತಕಿಟ ತಕಧಿಮಿ ಎಂದು ಮೂರೂ ನಾಲ್ಕೂ ಕೂಡಿಸಿ ಏಳು ಮಾಡುತ್ತೇವೆ, ತಕ ತಕಿಟ ಎಂದು ಐದು ಮಾಡುತ್ತೇವೆ, ಎಲ್ಲೆಲ್ಲೋ ಸುತ್ತಿ ಒಂದು ಮುಕ್ತಾಯವನ್ನು ಮೂರು ಸಲ ಹೇಳಿ ಸರಿಯಾಗಿ ಎತ್ತುಗಡೆಗೆ ಬಂದು ಇಳಿಯುತ್ತೇವೆ. ಲೆಕ್ಕ ತಪ್ಪಿದರೆ ಸಭೆಯ ಮೊದಲ ಸಾಲಿನ ತಾತನಿಗೂ ಗೊತ್ತಾಗುತ್ತದೆ. ಇಂಥ ಕಡೆ ಅರವತ್ತಕ್ಕೆ ಹತ್ತಿರವಾದ ಹೊರಗಿನವರು ಬಂದು ಕೂತು, ಎಲ್ಲೂ ಬೀಳದೆ, ಎಲ್ಲೂ ಮೇಲೆ ಹತ್ತಿ ಕೂರದೆ ನುಡಿಸಿದ್ದಾರೆ. ಹಳ್ಳಿಯಲ್ಲಿ ನಾಗಸ್ವರ ಹಿಡಿದು ಪಟ್ಟ ಪಾಡು ಇಲ್ಲಿ ಫಲ ಕೊಟ್ಟಿದೆ. ‘ಜ್ಯೋತಿ’ಯಲ್ಲಿ ನಾಗಸ್ವರ ಇಲ್ಲ, ಆದರೆ ಅವರ ಸ್ಯಾಕ್ಸೊಫೋನಿನ ಉಸಿರಿನಲ್ಲಿ ಅದು ಇದೆ. ಒಂದು ಸ್ವರದಿಂದ ಇನ್ನೊಂದಕ್ಕೆ ಜಿಗಿಯದೆ ಜಾರಿಕೊಂಡು ಹೋಗುವ ರೀತಿ ಕೇಳಿ, ತಿಳಿಯುತ್ತದೆ.

ಈ ರೆಕಾರ್ಡಿನ ಒಂದು ಕ್ಯಾಸೆಟ್ ಪ್ರತಿ ನನ್ನ ಕೈಗೆ ಬಂದದ್ದು 1980ರ ದಶಕದ ಕೊನೆಯಲ್ಲಿ. ಸಹಪಾಠಿಯೊಬ್ಬನ ಅಣ್ಣ ಹಡಗಿನಲ್ಲಿ ಕೆಲಸಕ್ಕಿದ್ದ, ಅವನು ತಂದದ್ದು. ಹೊದಿಕೆಯ ಮೇಲೆ ಪೆನ್ನಿನಲ್ಲಿ ಬರೆದಿದ್ದ ಕರ್ನಾಟಕ ಎಂಬ ಒಂದು ಶಬ್ದ ನೋಡಿ ಕೇಳಿ ತಂದೆ. ರಾತ್ರಿ ಅಪ್ಪ ಪಾಳಿ ಮುಗಿಸಿ, ಕೊನೆಯ ಲೋಕಲುಗಳಲ್ಲಿ ಒಂದನ್ನು ಹಿಡಿದು ಬಂದು ಊಟಕ್ಕೆ ಕೂತಿದ್ದರು. ನಾನು ಸಣ್ಣಗೆ ಹಾಕಿದ್ದೆ. ಅಪ್ಪನ ಕೈ ತಟ್ಟೆಯಲ್ಲೇ ನಿಂತಿತು. ಎಡಗೈ ತೊಡೆಯ ಮೇಲೆ ತಾಳ ಹಾಕತೊಡಗಿತು. ಕಿರುಬೆರಳು, ಉಂಗುರದ ಬೆರಳು, ನಡುಬೆರಳು. ಅಪ್ಪನಿಗೆ ತಾಳ ಗೊತ್ತು ಎನ್ನುವುದೇ ನನಗೆ ಗೊತ್ತಿರಲಿಲ್ಲ. ಇದನ್ನು ಊದುವವನು ಪೀಪಿ ಹಿಡಿದವನು, ಅವನ ಉಸಿರು ಹಾಗಿದೆ ಅಂದರು. ಆತ ಅಮೆರಿಕದವನು, ದೊಡ್ಡ ಕಾಲೇಜಿನಲ್ಲಿ ಪ್ರೊಫೆಸರ್ ಆಗಿದ್ದವನು, ನಮ್ಮ ಕಡೆ ಬಂದು ನೆಲದ ಮೇಲೆ ಕೂತು ಕಲಿತ ಅಂತ ನಾನು ಹೇಳಿದೆ. ಅಪ್ಪ ಬಹಳ ಹೊತ್ತು ಏನೂ ಹೇಳಲಿಲ್ಲ. ಆಮೇಲೆ, ತಾನು ಹನ್ನೆರಡು ವರ್ಷದವನಾಗುವ ಹೊತ್ತಿಗೆ ಅಜ್ಜ ಏನೇನು ಕಲಿಸಿದ್ದರು ಎಂದು ಒಂದೊಂದಾಗಿ ಹೇಳಿದರು. ಅಜ್ಜನಿಗೆ ದೇವರ ಬಲಿ ಹೊರಡುವಾಗ ಮುಂದೆ ನಡೆಯುವ ಹಕ್ಕಿತ್ತು. ಊಟಕ್ಕೆ ಕೂರುವಾಗ ಮಾತ್ರ ಬೇರೆ ಜಗಲಿ. ಅದಕ್ಕೇ ಬಿಟ್ಟು ಬಂದೆ ಅಂದರು. ನಾನು ಕಾಲೇಜಿನಲ್ಲಿ ಹೇಳುತ್ತಿದ್ದ ಸುಳ್ಳಿಗೆ ಬೇರು ಎಲ್ಲಿದೆ ಅಂತ ಆಗ ತಿಳಿಯಿತು. ನಾಚಿಕೆ ನನ್ನೊಬ್ಬನದಾಗಿರಲಿಲ್ಲ.

ಮರಿಯಾನೊ ಅವರ ಕತೆ ನಮ್ಮ ಕರಾವಳಿಯವರಿಗೆ ಇನ್ನೊಂದು ಕಾರಣಕ್ಕೂ ಮುಖ್ಯ. ಅವರು ಸ್ಯಾಕ್ಸೊಫೋನಿನಿಂದ ನಾಗಸ್ವರಕ್ಕೆ ಬಂದರೆ, ನಮ್ಮವರೊಬ್ಬರು ನಾಗಸ್ವರದಿಂದ ಸ್ಯಾಕ್ಸೊಫೋನಿಗೆ ಹೋದರು. ಬಂಟ್ವಾಳ ತಾಲೂಕಿನ ಸಜಿಪಮೂಡದ ಕದ್ರಿ ಗೋಪಾಲನಾಥರು ನಾಗಸ್ವರ ವಾದಕ ತನಿಯಪ್ಪನವರ ಮಗ. ಮೈಸೂರು ಅರಮನೆಯ ಬ್ಯಾಂಡಿನಲ್ಲಿ ಸ್ಯಾಕ್ಸೊಫೋನ್ ಕೇಳಿ ಅದೇ ಬೇಕು ಎಂದು ಹಟ ಹಿಡಿದರು. ಕೀಲಿಯ ವಾದ್ಯದಲ್ಲಿ ಗಮಕ ಬರಿಸಲು ವರ್ಷಗಟ್ಟಲೆ ಒದ್ದಾಡಿದರು, ವಾದ್ಯವನ್ನೇ ಸ್ವಲ್ಪ ಬದಲಿಸಿಕೊಂಡರು. 1980ರ ಮುಂಬಯಿಯ ಜಾಜ್ ಉತ್ಸವದಲ್ಲಿ ಅಮೆರಿಕದ ಜಾನ್ ಹ್ಯಾಂಡಿ ಅವರನ್ನು ಕೇಳಿ ಜೊತೆಗೆ ನುಡಿಸಿದ ಮೇಲೆ ಲೋಕ ಕಣ್ಣು ಬಿಟ್ಟಿತು. ಗೋಪಾಲನಾಥರು ತೀರಿಕೊಂಡದ್ದು 2019ರಲ್ಲಿ. ಇವತ್ತು ನಮ್ಮ ಮದುವೆ ಮಂಟಪಗಳಲ್ಲಿ, ದೇವಸ್ಥಾನಗಳಲ್ಲಿ, ದೈವದ ಕೋಲಗಳಲ್ಲಿ ಸ್ಯಾಕ್ಸೊಫೋನು ಕೇಳಿದರೆ ಯಾರಿಗೂ ಆಶ್ಚರ್ಯವಿಲ್ಲ. ಬೋಸ್ಟನ್ನಿನವರು ನಮ್ಮ ಪೀಪಿಗೆ ಕೈಚಾಚಿದ್ದೂ, ಸಜಿಪದವರು ಅವರ ಹಿತ್ತಾಳೆಗೆ ಕೈಚಾಚಿದ್ದೂ ಹೆಚ್ಚುಕಡಿಮೆ ಒಂದೇ ತಲೆಮಾರಿನಲ್ಲಿ ಎಂಬುದನ್ನು ನೆನೆದರೆ ಸಂತೋಷವಾಗುತ್ತದೆ.

ಮೆಚ್ಚುಗೆಯ ಭರದಲ್ಲಿ ಒಂದೆರಡು ಮಾತು ಮುಚ್ಚಿಡಬಾರದು. ಮರಿಯಾನೊ ದೊಡ್ಡ ನಾಗಸ್ವರ ವಿದ್ವಾಂಸರಾಗಲಿಲ್ಲ. ‘ಯೆಲ್ಲೊ ಫೀಲ್ಡ್ಸ್’ನಲ್ಲಿ ಅವರ ನಾಗಸ್ವರ ಚಿತ್ರದಲ್ಲಿ ಒಂದು ಬಣ್ಣದ ಹಾಗೆ ಬಂದು ಹೋಗುತ್ತದೆ, ತೋಡಿಯನ್ನು ಒಂದು ಗಂಟೆ ವಿಸ್ತರಿಸುವ ಊದುಗಾರಿಕೆ ಅದಲ್ಲ. ಇಂಥ ಕೂಡುಕಟ್ಟಿನಲ್ಲಿ ಹೆಸರು ಮಾಡುವವರು ಹೆಚ್ಚಾಗಿ ಪಶ್ಚಿಮದವರೇ ಎನ್ನುವುದೂ ಸುಳ್ಳಲ್ಲ. ‘ಜ್ಯೋತಿ’ಯ ಜೀವ ಇರುವುದು ರಮಾಮಣಿಯವರ ಕಂಠದಲ್ಲಿ, ಆ ಮೂವರ ಕೈಗಳಲ್ಲಿ. ಆದರೂ ರೆಕಾರ್ಡು ಅಂಗಡಿಯಲ್ಲಿ ಅದನ್ನು ಹುಡುಕಬೇಕಾದದ್ದು ಮರಿಯಾನೊ ಹೆಸರಿನ ಕೆಳಗೆ. ಇದನ್ನು ಹೇಳಿದ ಮೇಲೂ ಒಂದು ಉಳಿಯುತ್ತದೆ. ಎಷ್ಟೋ ಜನ ಭಾರತಕ್ಕೆ ಬಂದು ಒಂದು ಸಿತಾರ್ ಕೊಂಡು, ಒಂದು ರೆಕಾರ್ಡು ಮಾಡಿ, ಮರಳಿ ಹೋದರು. ಮರಿಯಾನೊ ಮತ್ತೆ ಮತ್ತೆ ಬಂದರು. 1980ರ ದಶಕದ ಕೊನೆಗೆ ಇದೇ ಬೆಂಗಳೂರಿನ ಬಳಗದೊಡನೆ ಸಭಿಕರ ಎದುರು ನುಡಿಸಿದ್ದು ‘ಲೈವ್’ ಎಂಬ ಹೆಸರಿನಲ್ಲೇ ರೆಕಾರ್ಡಾಗಿ ಬಂತು. 1998ರಲ್ಲಿ ಬಂದ ಇನ್ನೊಂದರ ಹೆಸರು ‘ಬ್ಯಾಂಗಲೋರ್’. ‘ಜ್ಯೋತಿ’ಯಿಂದ ಅಲ್ಲಿಗೆ ಹದಿನೈದು ವರ್ಷ. ಅಷ್ಟು ವರ್ಷ ಒಂದೇ ಮನೆಯ ಬಾಗಿಲು ತಟ್ಟಿದವರನ್ನು ಪ್ರವಾಸಿ ಎನ್ನಲಾಗದು.

ಎಪ್ಪತ್ತು ದಾಟಿದ ಮೇಲೂ ಕಚೇರಿ ಬಿಡಲಿಲ್ಲ. ಮೂರನೆಯ ಪತ್ನಿ, ಚಿತ್ರಕಲಾವಿದೆ ಡೊರೊಥೀ ಅವರೊಂದಿಗೆ ಕಲೋನ್ ನಗರದಲ್ಲಿ ಬಾಳು ಸಾಗಿತು. ಅದೇ ನಗರದಲ್ಲಿ 2009ರ ಜೂನ್ 16ರಂದು ಕ್ಯಾನ್ಸರಿನಿಂದ ತೀರಿಕೊಂಡರು. ಎಂಬತ್ತೈದು ವರ್ಷ. ಬೆಂಗಳೂರಿನ ಮಣಿಯವರು ಹೋದದ್ದು 2020ರಲ್ಲಿ.

ಮರಿಯಾನೊ ಸತ್ತ ಸುದ್ದಿಯನ್ನು ಪತ್ರಿಕೆಯಲ್ಲಿ ಓದಿದ ದಿನ ನಾನು ಅಪ್ಪನಿಗೆ ಹೇಳಿದೆ. ಅಪ್ಪನಿಗೆ ಹೆಸರು ಮರೆತುಹೋಗಿತ್ತು, ಊದುವ ಅಮೆರಿಕದವನು ಎಂದಾಗ ನೆನಪಾಯಿತು. ಅಟ್ಟದಿಂದ ಗಂಟು ಇಳಿಸಲು ಹೇಳಿದರು. ನವರಾತ್ರಿಗೆ ಇನ್ನೂ ಮೂರು ತಿಂಗಳಿತ್ತು. ಪಂಚೆ ಬಿಚ್ಚಿ ನೋಡಿದರೆ ಮರಕ್ಕೆ ಏನೂ ಆಗಿರಲಿಲ್ಲ, ಪೀಪಿ ಮಾತ್ರ ಒಣಗಿ ಸೀಳಿತ್ತು. ಊರಿಗೆ ಫೋನು ಮಾಡಿ ಹೊಸ ಪೀಪಿ ತರಿಸಿದೆವು. ಅಪ್ಪ ಊದಿದರು. ಅರವತ್ತು ದಾಟಿದ ಎದೆ, ನಲವತ್ತೈದು ವರ್ಷ ಮುಟ್ಟದ ವಾದ್ಯ. ಮೊದಲು ಬರಿಯ ಗಾಳಿ, ಆಮೇಲೆ ಕರ್ಕಶವಾದ ಒಂದು ಷಡ್ಜ, ಆಮೇಲೆ ಕೆಮ್ಮು. ಪಕ್ಕದ ಮನೆಯ ಮರಾಠಿ ಅಜ್ಜಿ ಬಾಗಿಲಿಗೆ ಬಂದು ಯಾರ ಮನೆಯಲ್ಲಿ ಮದುವೆ ಅಂತ ಕೇಳಿದರು. ಇದು ನಮ್ಮ ಮನೆಯ ವಿದ್ಯೆ, ನನ್ನ ಅಜ್ಜ ದೇವಸ್ಥಾನದಲ್ಲಿ ಊದುತ್ತಿದ್ದರು ಅಂತ ನಾನು ಹೇಳಿದೆ. ಜೀವನದಲ್ಲಿ ಮೊದಲ ಸಲ.

ಅಪ್ಪ ಈಗ ಇಲ್ಲ. ನಾಗಸ್ವರ ಈಗ ಅಟ್ಟದ ಮೇಲಿಲ್ಲ, ಗೋಡೆಯ ಮೊಳೆಗೆ ತೂಗಿದೆ. ನನಗೆ ಊದಲು ಬರುವುದಿಲ್ಲ. ಸರಳೆ ವರಸೆಯ ಮೊದಲ ಎರಡು ಸಾಲು ತಪ್ಪುತ್ತ ತಪ್ಪುತ್ತ ಬರುತ್ತದೆ. ಐವತ್ತು ದಾಟಿದ ಮೇಲೆ ಇದೇನು ಹುಚ್ಚು ಅಂತ ಮನೆಯಲ್ಲಿ ನಗುತ್ತಾರೆ. ನಗ್ಲಿ ಬಿಡಿ. ಆ ಹಳೆಯ ಕ್ಯಾಸೆಟ್ಟು ಇನ್ನೂ ಓಡುತ್ತದೆ. ಸಂಘದ ಹುಡುಗರು ಒಂದು ಸಂಜೆ ಬಿಡುವು ಮಾಡಿಕೊಂಡರೆ ತಂದು ಕೇಳಿಸುತ್ತೇನೆ. ತನಿ ಆವರ್ತನ ಬಂದಾಗ ಚಹಾಕ್ಕೆ ಎದ್ದು ಹೋಗಬಾರದು, ಅದೊಂದೇ ಷರತ್ತು.